ಸಾವ್ಕಾರನ ಅನ್ನ, ಹಮಾಲನ ರೊಟ್ಟಿ

"ಈ ಗುರೆಳ್ಳು ಯಾವಾಕಿ ಕುಟ್ಟಿದ್ದು, ಅದನ್ನ ಮೊದಲು ಹೇಳ್ರಿ."

ಅಂಬಮ್ಮ ಗಂಡನ ಬಿಳಿ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು. ಅಂಗಿಯ ಎದೆಯ ಮೇಲೆ ಎಣ್ಣೆಯಲ್ಲಿ ಕಲಸಿದ ಗುರೆಳ್ಳು ಚಟ್ನಿಪುಡಿಯ ಕರಿ ಕಲೆ, ಹುಬ್ಬಿನಷ್ಟು ಉದ್ದ.

"ಮಿಲ್ಲಿನ ಗ್ರೀಸ್ ಇರಬೇಕು, ಬಿಡು," ಎಂದ ಅಮರಗುಂಡಪ್ಪ.

"ಗ್ರೀಸಿಗೆ ಬಳ್ಳೊಳ್ಳಿ ಹಾಕತಾರೇನ್ರಿ? ಮೂಸಿ ನೋಡೀನಿ ನಾ. ನಮ್ಮ ಮನಿಯಾಗ ಗುರೆಳ್ಳು ಕಂಡು ಎಷ್ಟು ವರ್ಷ ಆತು. ನಾ ಕಟ್ಟಿದ ಡಬ್ಬಿ ದಿನಾ ಖಾಲಿ ಬರತೈತಿ, ನೀವು ನೋಡಿದ್ರ ದಿನಾ ಸೊರಗಾಕತ್ತೀರಿ. ನನ್ನ ಅನ್ನ ಯಾರು ಉಣ್ಣಾಕತ್ತಾರ? ನಿಮಗ ಯಾವಾಕಿ ಉಣಸಾಕತ್ತಾಳ?"

"ಮೆಲ್ಲಗ ಮಾತಾಡು. ಶೇಖರಮ್ಮ ಗ್ವಾಡಿಗೆ ಕಿವಿ ಹಚ್ಚಿರತಾಳ."

"ಇಲ್ರೀ ಅಣ್ಣಾರ, ನಾ ಬಟ್ಟಿ ಒಣಗಹಾಕಾಕತ್ತೀನಿ," ಎಂದು ಗೋಡೆಯ ಆಚೆಯಿಂದ ಪಕ್ಕದ ಮನೆಯ ಶೇಖರಮ್ಮನ ದನಿ ಬಂತು.

ಅಮರಗುಂಡಪ್ಪ ಬೇರೆ ಅಂಗಿ ಹಾಕಿಕೊಂಡು, ಊಟದ ಡಬ್ಬಿಯನ್ನು ಲೂನಾ ಮೊಪೆಡ್ಡಿಗೆ ಸಿಗಿಸಿ, ಹಗ್ಗ ಹರಿದ ಹೋರಿಯಂತೆ ಓಡಿದ.

ಸಿಂಧನೂರಿನಲ್ಲಿ ಅವನದು ಅಕ್ಕಿ ಮಿಲ್ಲು. ಕಾಲುವೆ ನೀರು ಬಂದ ಮೇಲೆ ಆ ಸೀಮೆಯ ಜನ ಜೋಳ ಬಿಟ್ಟು ಅನ್ನ ಕಲಿತರು. ಅನ್ನ ಕಲಿತವರು ಜೋಳಕ್ಕೆ ನಾಚುವುದನ್ನೂ ಕಲಿತರು. ಬೀಗರ ಮುಂದೆ ರೊಟ್ಟಿ ಇಟ್ಟರೆ, "ಯಾಕ್ರೀ, ಎಲ್ಲಾ ಆರಾಮಿಲ್ಲ?" ಎಂದು ಕೇಳುತ್ತಿದ್ದರು. ಅನ್ನ ಬೆಳ್ಳಗಿದ್ದಷ್ಟೂ ಮನೆತನ ದೊಡ್ಡದು. ಅಮರಗುಂಡಪ್ಪನ ಮಿಲ್ಲಿನಲ್ಲಿ ಅಕ್ಕಿಗೆ ಎರಡೆರಡು ಸಲ ಪಾಲಿಶ್ ಆಗುತ್ತಿತ್ತು. ಮಲ್ಲಿಗೆ ಮೊಗ್ಗಿನಂಥ ಅಕ್ಕಿ ಎಂದು ಹಟ್ಟಿ ಚಿನ್ನದ ಗಣಿಯ ತನಕ ಹೆಸರು. ಆ ಹೆಸರೇ ಅವನ ಆಸ್ತಿ.

ಯುಗಾದಿ ಕಳೆದ ಮೇಲೆ ಅವನಿಗೆ ತಡೆಯಲಾರದ ನೀರಡಿಕೆ ಹತ್ತಿತು. ಕುಡಿದದ್ದು ಕುಡಿದಂತೆಯೇ ಹೊರಗೆ ಹೋಗುತ್ತಿತ್ತು. ಸಿಂಧನೂರಿನ ದವಾಖಾನೆಯಲ್ಲಿ ಕುಳಿತರೆ ಊರೆಲ್ಲ ನೋಡುತ್ತದೆಂದು ಲಿಂಗಸುಗೂರಿಗೆ ಹೋದ. ಅಲ್ಲಿನ ಡಾಕ್ಟರು ರಕ್ತ, ಮೂತ್ರ ನೋಡಿ, ಸಕ್ರಿ ಬ್ಯಾನಿ ಎಂದರು.

"ಗುಳಿಗಿ ತಪ್ಪಿಸಬ್ಯಾಡ. ಬಿಳಿ ಅನ್ನ ಬಿಡು. ಜ್ವಾಳದ ರೊಟ್ಟಿ, ಹೆಸರುಕಾಳು, ಮೆಂತೆಪಲ್ಯೆ, ಹಸಿ ಸೌತಿಕಾಯಿ, ಇಂಥಾ ನಾರು ಇರೋದನ್ನ ತಿನ್ನು. ನಾರು ಇದ್ರ ಸಕ್ರಿ ರಕ್ತಕ್ಕ ಮೆಲ್ಲಗ ಇಳೀತದ."

"ಅನ್ನದಾಗ ನಾರು ಇರೂದಿಲ್ಲೇನ್ರಿ?"

"ಇರ್ತದ. ನೀನ ತಗೀತಿ. ನಿನ್ನ ಮಿಲ್ಲಿನ ತೌಡು ಏನು ಮಾಡ್ತಿ?"

"ಎಮ್ಮಿಗೆ ಮಾರತೀನ್ರಿ."

"ಎಮ್ಮಿ ಆರಾಮ ಅದಾವಿಲ್ಲ?"

ಅಮರಗುಂಡಪ್ಪ ಗುಳಿಗೆಯ ಚೀಟಿ ಕಿಸೆಗೆ ಹಾಕಿಕೊಂಡು ಎದ್ದ. ಬಸ್ಸಿನಲ್ಲಿ ವಾಪಸು ಬರುವಾಗ ಅವನ ತಲೆಯಲ್ಲಿ ಒಂದೇ ಮಾತು ಗಿರಣಿಯಂತೆ ತಿರುಗಿತು: ಮಾಲಕನೇ ಬಿಟ್ಟ ಅಕ್ಕಿಯನ್ನು ಯಾರು ಕೊಳ್ಳುತ್ತಾರೆ? ಅಂಬಮ್ಮನಿಗೆ ಹೇಳಿದರೆ ಶೇಖರಮ್ಮನಿಗೆ ಹೇಳಿದಂತೆ, ಶೇಖರಮ್ಮನಿಗೆ ಹೇಳಿದರೆ ಡಂಗುರದವನಿಗೆ ಕೆಲಸವಿಲ್ಲ. ಮನೆಯಲ್ಲಿ ಹೊಟ್ಟೆ ಸರಿಯಿಲ್ಲವೆಂದು ಸೌಟಿನಷ್ಟು ಉಂಡು ಏಳಬಹುದು. ಮಧ್ಯಾಹ್ನದ ಡಬ್ಬಿಗೆ ಏನು ಮಾಡುವುದು?

ದಾರಿ ತೋರಿಸಿದವನು ಹಮಾಲ ಹೊನ್ನೂರಪ್ಪ. ಸಂತೆಕಲ್ಲೂರಿನಿಂದ ಹೆಂಡತಿಯೊಡನೆ ಸಿಂಧನೂರಿಗೆ ದುಡಿಯಲು ಬಂದವನು. ದಿನಾ ಆ ಹೆಂಡತಿ ಕರೆಮ್ಮ ಬಡಿದ ರೊಟ್ಟಿಯನ್ನು ಅವಳದೇ ಹಳೆ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು ಬರುತ್ತಿದ್ದ. ರೊಟ್ಟಿಯ ನಡುವೆ ಕಾಳಿನ ಪಲ್ಯೆ, ಗುರೆಳ್ಳು ಪುಡಿ, ಉಳ್ಳಾಗಡ್ಡಿ. ಮಿಲ್ಲಿನ ಹಿಂದೆ ಹೊಟ್ಟಿನ ಗುಡ್ಡೆಯ ಮರೆಯಲ್ಲಿ ಬುತ್ತಿ ಅದಲು ಬದಲಾಯಿತು. ಸಾವ್ಕಾರನಿಗೆ ರೊಟ್ಟಿ, ಹಮಾಲನಿಗೆ ತುಪ್ಪ ಸುರಿದ ಬಿಳಿ ಅನ್ನ.

ಅಮರಗುಂಡಪ್ಪ ಅವನಿಂದ ಮಸ್ಕಿ ಮಲ್ಲಯ್ಯನ ಆಣೆ ಹಾಕಿಸಿದ. "ಯಾರು ಕೇಳಿದ್ರೂ ಹೇಳಾಂಗಿಲ್ಲ. ಅಂಬಮ್ಮ ಕೇಳಿದ್ರೂ. ನಾನ ಕೇಳಿದ್ರೂ."

"ನೀವು ಕೇಳಿದ್ರೂ ಹೇಳಬಾರದೇನ್ರಿ?"

"ಹೌದಲೇ. ಯಾರರ ನನ್ನ ಕುತ್ತಿಗಿ ಹಿಡಿದು ಕೇಳಿಸಿರತಾರ. ಹೇಳು ಹೇಳು ಅಂತ ನಾ ಅತ್ತರೂ ನಿನಗೇನೂ ಗೊತ್ತಿಲ್ಲ."

ಹೊನ್ನೂರಪ್ಪ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಮಳೆಗಾಲ ಮುಗಿಯುವ ಹೊತ್ತಿಗೆ ಸಾವ್ಕಾರನ ಹೊಟ್ಟೆ ಇಳಿಯಿತು, ನಡಿಗೆ ಚುರುಕಾಯಿತು. ಹೊನ್ನೂರಪ್ಪನಿಗೆ ಹೊಟ್ಟೆ ಬಂತು. ಉಂಡ ಕೂಡಲೇ ಚೀಲದ ಮೇಲೆ ಚೀಲದಂತೆ ಬಿದ್ದು ನಿದ್ದೆ ಹೊಡೆಯುತ್ತಿದ್ದ.

ಗುರೆಳ್ಳು ಕಲೆಯ ಈ ದಿನ ಸೋಮವಾರ. ಲೂನಾ ಮಿಲ್ಲು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ತೂಕದ ಗುಮಾಸ್ತ ಮೌಲಾಹುಸೇನ ಎಂದೂ ಇಲ್ಲದ ಗೌರವದಿಂದ ಎದ್ದು ನಿಂತು, "ಮಸ್ಕಿ ಕಡೆಯಾಕಿ ಅಂತಲ್ರೀ ಸಾವ್ಕಾರ್ರ?" ಎಂದ. ಬಿಸಿಲೇರುವಷ್ಟರಲ್ಲಿ ಆ ಮಸ್ಕಿಯವಳಿಗೆ ಹಂಚಿನ ಮನೆಯೂ ಒಂದು ಕೂಸೂ ಆಗಿದ್ದವು.

ಅದರ ನಡುವೆ ಹಟ್ಟಿಯ ಕಿರಾಣಿ ವ್ಯಾಪಾರಿ ಪಂಪಣ್ಣ ಬಂದ. ಗಣಿಯ ಕಾಲೋನಿಗೆಲ್ಲ ಅಕ್ಕಿ ಹಾಕುವವನು. ವರ್ಷದ ಅಕ್ಕಿ ಇಲ್ಲಿಂದಲೇ ಒಯ್ಯುವುದೆಂದು ಅರ್ಧ ಮಾತಾಗಿತ್ತು. ಉಳಿದ ಅರ್ಧ ಇವತ್ತು ಆಗಬೇಕು.

"ನಾ ಅಕ್ಕಿ ಕೈಯಾಗ ಹಿಡಿದು ನೋಡಾವಲ್ಲ," ಎಂದ ಪಂಪಣ್ಣ. "ಉಂಡು ನೋಡತೀನಿ. ನಿಮ್ಮ ಡಬ್ಬಿ ಬಿಚ್ರಿ, ಇಬ್ರೂ ಉಣ್ಣೋಣು."

"ಉಣ್ರಿ, ಉಣ್ರಿ. ಸೋಮವಾರ ನಂದು ಒಪ್ಪತ್ತು," ಎಂದು ಅಮರಗುಂಡಪ್ಪ ಇಡೀ ಡಬ್ಬಿಯನ್ನೇ ಅವನ ಮುಂದೆ ಸರಿಸಿದ. ಪಂಪಣ್ಣ ತುತ್ತಿಗೊಮ್ಮೆ ತಲೆದೂಗುತ್ತ ಉಣ್ಣತೊಡಗಿದ.

ಅಮರಗುಂಡಪ್ಪ ಮೆಲ್ಲಗೆ ಹಿಂದಕ್ಕೆ ಜಾರಿದ. ಹೊನ್ನೂರಪ್ಪ ಕಾಣಲಿಲ್ಲ. ಬೆಳಿಗ್ಗೆ ಬುತ್ತಿ ಮೊಳೆಗೆ ಹಾಕಿ ಎಲ್ಲಿಗೋ ಹೋಗಿದ್ದನಂತೆ. ಹಸಿವು ಕಾಯಲಿಲ್ಲ. ಬುತ್ತಿ ಇಳಿಸಿಕೊಂಡು ಹೊಟ್ಟಿನ ಗುಡ್ಡೆಯ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಗಂಟು ಬಿಚ್ಚಿ ಮೊದಲ ರೊಟ್ಟಿ ಮುರಿದ.

ಅದೇ ಹೊತ್ತಿಗೆ ಅಂಬಮ್ಮ ಶೇಖರಮ್ಮನನ್ನು ಕರೆದುಕೊಂಡು ಮಿಲ್ಲಿಗೆ ಬಂದಳು. ತನ್ನ ಡಬ್ಬಿಯಲ್ಲಿ ಬೇರೆ ಗಂಡಸು ಉಣ್ಣುವುದನ್ನು ನೋಡಿದಳು.

"ಸಾವ್ಕಾರ್ರು ಎಲ್ರೀ?"

"ಇವತ್ತು ಒಪ್ಪತ್ತು ಅಂದ್ರಲ್ಲಬೇ."

"ಒಪ್ಪತ್ತು? ಮುಂಜಾನಿ ಉಪ್ಪಿಟ್ಟು ತಿಂದು ಬಂದಾರ."

ಶೇಖರಮ್ಮನ ಮೂಗು ಹಿತ್ತಲ ಕಡೆ ತಿರುಗಿತು. "ಗುರೆಳ್ಳು ವಾಸನಿ," ಎಂದಳು.

ಇಬ್ಬರೂ ಗುಡ್ಡೆ ಸುತ್ತಿ ಬಂದಾಗ ಅಮರಗುಂಡಪ್ಪನ ಕೈಯಲ್ಲಿ ರೊಟ್ಟಿ, ಬಾಯಲ್ಲಿ ರೊಟ್ಟಿ, ತೊಡೆಯ ಮೇಲೆ ಸೀರೆಯ ತುಂಡು.

"ನೋಡ್ರಿ ಶೇಖರಮ್ಮ. ಸೀರಿ."

"ನೋಡಿದೆ. ಇಳಕಲ್ ದಡಿ. ಹಳೇದೈತಿ. ಸಂಬಂಧನೂ ಹಳೇದ ಇರಬೇಕು."

ಪಂಪಣ್ಣ ಎಂಜಲು ಕೈಯಲ್ಲೇ ಅವರ ಹಿಂದೆ ಬಂದು ನಿಂತ. ಒಣ ರೊಟ್ಟಿ ಬೇಗ ಇಳಿಯುವ ಪದಾರ್ಥವಲ್ಲ. ಅಗಿಯುತ್ತಲೇ ಅಮರಗುಂಡಪ್ಪ ಲೆಕ್ಕ ಹಾಕಿದ. ನಿಜ ಹೇಳಿದರೆ ಮಿಲ್ಲು ಹೋಗುತ್ತದೆ, ಹೇಳದಿದ್ದರೆ ಮನೆ ಹೋಗುತ್ತದೆ. ಕೊನೆಗೆ ನುಂಗಿ, ಮನೆಯನ್ನು ಆರಿಸಿಕೊಂಡ.

"ನನಗ ಸಕ್ರಿ ಬ್ಯಾನಿ ಐತಿ. ಲಿಂಗಸುಗೂರು ಡಾಕ್ಟ್ರು ಅಕ್ಕಿ ಬಿಡಿಸ್ಯಾರ. ಮಿಲ್ಲಿನ ಹೆಸರು ಕೆಡತೈತಂತ ಹೇಳಲಿಲ್ಲ. ಇದು ಹೊನ್ನೂರಪ್ಪನ ಬುತ್ತಿ. ಕರೆಮ್ಮ ಬಡಿದ ರೊಟ್ಟಿ."

"ಕರೆಮ್ಮ," ಎಂದಳು ಶೇಖರಮ್ಮ, ಬೆಳಗಿನಿಂದ ಹುಡುಕುತ್ತಿದ್ದ ಹೆಸರು ಸಿಕ್ಕವಳಂತೆ.

ಅಂಬಮ್ಮ ನಂಬಲಿಲ್ಲ. "ಬ್ಯಾನಿ ಬಂದಾವ ಹೆಂಡ್ತಿಗೆ ಹೇಳತಾನೋ, ಹಮಾಲಗ ಹೇಳತಾನೋ?"

ದೇವರು ಕಳಿಸಿದಂತೆ ಹೊನ್ನೂರಪ್ಪ ಅಷ್ಟರಲ್ಲಿ ಗುಡ್ಡೆಯ ಮಗ್ಗುಲಿಂದ ಬಂದ. ಮುಖ ಬಾಡಿತ್ತು.

"ಬಾರಲೇ ಹೊನ್ನೂರಪ್ಪ, ಹೇಳು ಇವರಿಗೆ. ದಿನಾ ನಿನ್ನ ರೊಟ್ಟಿ ಯಾರು ತಿಂತಾರ?"

ಹೊನ್ನೂರಪ್ಪ ಸಾವ್ಕಾರನನ್ನು ನೋಡಿದ, ಅಂಬಮ್ಮನನ್ನು ನೋಡಿದ. ಇಂಥ ದಿನ ಬರುತ್ತದೆಂದು ಸಾವ್ಕಾರ ಮೊದಲೇ ಹೇಳಿದ್ದು ನೆನಪಾಗಿ ಅವನ ಕಣ್ಣಿನಲ್ಲಿ ಭಕ್ತಿ ಮೂಡಿತು. ಕೈ ಮುಗಿದ.

"ನನಗೇನೂ ಗೊತ್ತಿಲ್ರೀ ಸಾವ್ಕಾರ್ರ."

"ಲೇ, ಆಣಿ ನಾನ ಬಿಡಿಸೀನಿ. ಹೇಳಲೇ."

"ಯಾವ ಆಣಿರೀ?" ಎಂದ ಹೊನ್ನೂರಪ್ಪ. ಹೆದರಬೇಡಿ ಎಂಬಂತೆ ಒಂದು ಕಣ್ಣನ್ನೂ ಮಿಟುಕಿಸಿದ. ಅದನ್ನು ಶೇಖರಮ್ಮ ನೋಡಿದಳು.

ಅಮರಗುಂಡಪ್ಪ ಸೀರೆಯ ತುಂಡು ಹಿಡಿದುಕೊಂಡು ಗೋಗರೆದ. ಅವನು ಗೋಗರೆದಷ್ಟೂ ಹೊನ್ನೂರಪ್ಪ ಗಟ್ಟಿಯಾದ.

ನಂಬಬೇಕಾದವಳು ನಂಬಲಿಲ್ಲ. ನಂಬಬಾರದವನು ಒಂದೇ ಮಾತಿಗೆ ನಂಬಿಬಿಟ್ಟ. "ಅಂದ್ರ ನಿಮ್ಮ ಅಕ್ಕಿ ನೀವು ಉಣ್ಣೂದಿಲ್ಲ," ಎಂದ ಪಂಪಣ್ಣ, ತನ್ನ ಕೈಗೆ ಹತ್ತಿದ ಅಗುಳನ್ನು ಚೇಳು ನೋಡಿದಂತೆ ನೋಡುತ್ತ. ಕೈ ತೊಳೆದುಕೊಂಡು ಹಟ್ಟಿ ಬಸ್ಸಿಗೆ ನಡೆದ.

ಅಂಬಮ್ಮ ಸೆರಗು ಬಿಗಿದಳು. "ನಾ ವಳಕಮದಿನ್ನಿಗೆ, ನಮ್ಮಣ್ಣನ ಮನಿಗೆ ಹೊಂಟೀನಿ. ನೀವು ಗುರೆಳ್ಳು ತಿನಕೋತ ಇರ್ರಿ." ಶೇಖರಮ್ಮ ಬಸ್‌ಸ್ಟ್ಯಾಂಡಿನ ತನಕ ಕಳಿಸಿ ಬರಲು ತಾನಾಗಿಯೇ ಹೊರಟಳು.

ಹೊಟ್ಟಿನ ಗುಡ್ಡೆಯ ಹಿಂದೆ ಇಬ್ಬರೇ ಉಳಿದರು.

"ಉಳಿಸಿದೆ ನೋಡ್ರಿ ನಿಮ್ಮ ಮಾನ," ಎಂದ ಹೊನ್ನೂರಪ್ಪ.

ಅಮರಗುಂಡಪ್ಪ, ರೊಟ್ಟಿಯಾದರೂ ಇದೆಯಲ್ಲ ಎಂದು ಕೈ ಚಾಚಿದ. ಹೊನ್ನೂರಪ್ಪ ಅದಕ್ಕಿಂತ ಮೊದಲೇ ಗಂಟನ್ನು ನಯವಾಗಿ ಎಳೆದುಕೊಂಡ.

"ಸಿಟ್ಟಾಗಬ್ಯಾಡ್ರಿ. ಮುಂಜಾನಿ ದವಾಖಾನಿಗೆ ಹೋಗಿದ್ನಿ. ಭಾಳ ದಿನದಿಂದ ನೀರಡಿಕಿ, ಮಂಪರು. ನನಗೂ ಸಕ್ರಿ ಬ್ಯಾನಿ ಐತಂತ. ಒಳಗ ಮೊದಲ ಇತ್ತೇನೋ, ಬಿಳಿ ಅನ್ನ ತುಪ್ಪ ಎಬ್ಬಿಸ್ಯಾವ ಅಂದ್ರು. ದಿನಾ ಅನ್ನ ಎಲ್ಲಿ ಉಣತಿ ಅಂತ ಕೇಳಿದ್ರು. ಆಣಿ ಐತಲ್ರೀ, ಹೇಳಲಿಲ್ಲ." ಮುರಿದ ರೊಟ್ಟಿಯ ತುಂಡನ್ನೂ ಹೊಟ್ಟು ಊದಿ ಗಂಟಿಗೆ ಸೇರಿಸಿದ. "ಇನ್ನ ಮ್ಯಾಲ ರೊಟ್ಟಿನ ತಿನ್ನು ಅಂದಾರ. ಊರಿಗೆ ಹೋಗೂಣು ಅಂತಾಳ ಕರೆಮ್ಮ. ಸಂತೆಕಲ್ಲೂರಾಗ ಜ್ವಾಳಕ್ಕೇನು ಬರ?"

ಅವನು ಗಂಟನ್ನು ಹೆಗಲಿಗೆ ಹಾಕಿಕೊಂಡ. ಅಮರಗುಂಡಪ್ಪ ಎದ್ದು ಅಂಗಳಕ್ಕೆ ಬಂದ. ಪಂಪಣ್ಣ ಅರ್ಧಕ್ಕೆ ಬಿಟ್ಟ ಡಬ್ಬಿಯಲ್ಲಿ ಅನ್ನ ಮಲ್ಲಿಗೆ ಮೊಗ್ಗಿನಂತೆ ಅರಳಿ ಕುಳಿತಿತ್ತು. ಗೇಟಿನ ಬಳಿ ಎಮ್ಮೆಗಳಿಗೆ ತೌಡು ಒಯ್ಯುವ ಬಂಡಿ ಹೊರಟಿತ್ತು. ಹೊನ್ನೂರಪ್ಪ ಅದಕ್ಕೆ ದಾರಿ ಬಿಟ್ಟು, ಅದರ ಹಿಂದೆಯೇ ಗೇಟು ದಾಟಿದ. ಮತ್ತೆ ಬರಲಿಲ್ಲ.