ಶನಿವಾರದ ಪಾಠದ ಸುದ್ದಿ

ಶಾಲೆಯ ಕೆಲಸದಲ್ಲಿ ನಗು ಬರುವುದು ಮಕ್ಕಳಿಂದ ಎಂದು ಜನ ತಿಳಿದಿದ್ದಾರೆ. ನಾನು ಕಂಡಂತೆ ಮಕ್ಕಳು ಬಹಳ ಗಂಭೀರ. ಮಕ್ಕಳು ಏನು ಕಲಿತರು ಎಂದು ಮನೆಯವರಿಗೆ ಹೇಳಲು ಹೋದೆನೋ, ಅಲ್ಲಿ ಒಂದಲ್ಲ ಒಂದು ಪ್ರಸಂಗ ಕಾದಿರುತ್ತಿತ್ತು.

ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನ ಮಾತು. ಸಾಸ್ವೆಹಳ್ಳಿಯ ಹತ್ತಿರ, ಹೊಳೆಯ ದಂಡೆಯ ಒಂದು ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದು ನನ್ನನ್ನು ಅಲ್ಲಿಗೆ ಹಾಕಿದರು. ಒಂದು ಕೋಣೆ, ಒಂದು ಕರಿಹಲಗೆ, ಒಬ್ಬಳು ನಾನು. ನನಗೆ ಅಕ್ಷರ ಕಲಿಸಿದವರು ಯಾರೂ ಇಲ್ಲ. ಅಣ್ಣಂದಿರು ಪಾಠ ಒಪ್ಪಿಸುವುದನ್ನು ರೊಟ್ಟಿ ತಟ್ಟುತ್ತಾ ಕೇಳಿಸಿಕೊಂಡು, ಹರಡಿದ ಹಿಟ್ಟಿನ ಮೇಲೆ ಬೆರಳಾಡಿಸಿ ಕಲಿತವಳು. ಆಮೇಲೆ ಮನೆಯಲ್ಲೇ ಓದಿ ಲೋಯರ್ ಸೆಕೆಂಡರಿ ಪಾಸು ಮಾಡಿದೆ. ಇದನ್ನು ಕೇಳಿ ಯಾರಾದರೂ 'ಅಯ್ಯೋ ಪಾಪ' ಎಂದರೆ ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ.

ಹುಡುಗಿಯರು ಬರದಿದ್ದರೆ ಶಾಲೆ ಮುಚ್ಚುತ್ತೇವೆ ಎಂದು ಮೇಲಿನವರು ಮೊದಲೇ ಹೇಳಿದ್ದರು. ಮುಚ್ಚಿದರೆ ನನಗೆ ಬೇರೆ ಊರು ಸಿಗುತ್ತಿತ್ತು. ಆ ಹುಡುಗಿಯರಿಗೆ ಬೇರೆ ಶಾಲೆ ಸಿಗುತ್ತಿರಲಿಲ್ಲ. ಅದರಲ್ಲೂ ಮೂಲೆಮನೆಯ ಹುಡುಗಿ. ತಾಯಿಯಿಲ್ಲದ ಮಗು, ಅಜ್ಜಿಯ ಕೈಯಲ್ಲಿ ಬೆಳೆದವಳು. ಅಕ್ಷರದ ವಿಷಯದಲ್ಲಿ ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳಬೇಕಾಗಿರಲಿಲ್ಲ. "ಇದೊಂದು ವರ್ಷ ಬರಲಿ ಅಕ್ಕೋರೇ. ಕಳೆ ತೆಗೆದು ಮುಗಿದ ಮೇಲೆ ನ್ಯಾಮತಿಗೆ ಕಳಿಸ್ತೀವಿ. ಅವರ ಚಿಕ್ಕಮ್ಮನ ಕೂಸು ನೋಡಿಕೊಳ್ಳಾಕೆ ಒಬ್ಬರು ಬೇಕು" ಎಂದು ಶಾಲೆಗೆ ಸೇರಿಸಿದ ದಿನವೇ ಅಜ್ಜಿ ಹೇಳಿದ್ದಳು. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಚೀಟಿ

ಮೊದಮೊದಲು ಮನೆಗಳಿಗೆ ಚೀಟಿ ಬರೆದು ಕಳಿಸುತ್ತಿದ್ದೆ. ಮೂಲೆಮನೆಗೆ ಹೀಗೆ ಬರೆದೆ: 'ನಿಮ್ಮ ಹುಡುಗಿ ಕಾಗುಣಿತ ಮುಗಿಸಿದ್ದಾಳೆ. ಸಂಜೆ ಸ್ವಲ್ಪ ಹೊತ್ತು ಓದಲು ಕೂರಿಸಿ.'

ಕೆಲವು ದಿನ ಕಳೆದು ಅಜ್ಜಿ ಬಾವಿಯ ಹತ್ತಿರ ಸಿಕ್ಕಳು. "ಅಕ್ಕೋರೇ, ನೀವು ಬರೆದಂಗೇ ನಡಸ್ತಾ ಇದೀವಿ" ಎಂದಳು.

"ಬಹಳ ಸಂತೋಷ. ಎಷ್ಟು ಹೊತ್ತು ಕೂರಿಸ್ತೀರಿ?"

"ಕೂರಿಸೋದೇನು ಬಂತು, ಮಲಗ್ತಾಳೆ. ಸಂಜೆ ಒಂದು ಚೂರು ಬೆಲ್ಲ, ಒಂದು ಹಿಡಿ ಶೇಂಗಾ ಕೊಡ್ತೀವಿ. ಪಾತ್ರೆ ತಿಕ್ಕಾಕೆ ಹಚ್ಚಲ್ಲ. ಕಾಗುಣಿತ ಕಲಿಯೋರಿಗೆ ಸೊಂಟ ಹಿಡಿತೈತೆ ಅಂತ ನೀವೇ ಬರೆದೀರಲ್ಲ!"

ಆಗ ನನಗೆ ತಿಳಿಯಿತು. ಆ ಮನೆಯಲ್ಲಿ ಓದಲು ಬರುತ್ತಿದ್ದುದು ಆ ಹುಡುಗಿ ಒಬ್ಬಳಿಗೇ. ಮರುದಿನ ಅದೇ ಚೀಟಿ ತರಿಸಿ ಓದು ಎಂದೆ. ಒಂದು ಒತ್ತಕ್ಷರ ತಪ್ಪದೆ, ನಾನು ಬರೆದಂತೆಯೇ ಓದಿದಳು.

"ಇಷ್ಟು ಚೆನ್ನಾಗಿ ಓದ್ತೀಯಲ್ಲ, ಮನೇಲಿ ಯಾಕೆ ಹಾಗೆ ಓದಿದೆ?"

ಅವಳು ಶಾಂತವಾಗಿ ಹೇಳಿದಳು: "ಇದರಾಗೆ ನೀವು ಹೇಳಿದ್ದಷ್ಟೇ ಐತಲ್ಲ ಅಕ್ಕೋರೇ. ನಾನು ಹೇಳೋದನ್ನ ಯಾರು ಬರೀತಾರೆ?"

ಅಂದಿನಿಂದ ಚೀಟಿ ನಿಲ್ಲಿಸಿದೆ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ನಾನೇ ಮನೆಮನೆಗೆ ಹೋಗಿ, ಆ ವಾರ ಏನು ಪಾಠವಾಯಿತು, ಯಾರಿಗೆ ಏನು ಬಂತು, ಏನು ಬರಲಿಲ್ಲ ಎಂದು ಬಾಯಲ್ಲೇ ಹೇಳಿ ಬರುವ ಪದ್ಧತಿ ಹಿಡಿದೆ.

ಮಣ್ಣಿನ ಎತ್ತು

ಮಕ್ಕಳಿಗೆ ಕೈಕೆಲಸ ಕಲಿಸಬೇಕು, ಮಾಡಿದ ಸಾಮಾನನ್ನು ಹೊನ್ನಾಳಿಯ ಪ್ರದರ್ಶನಕ್ಕೆ ಕಳಿಸಬೇಕು ಎಂದು ಆಜ್ಞೆ ಬಂತು. ನಮ್ಮಲ್ಲಿ ಇದ್ದದ್ದು ಹೊಳೆಯ ಜೇಡಿಮಣ್ಣು. ಮಕ್ಕಳು ಎತ್ತು ಮಾಡಿದರು. ಕೋಡು, ಬೆನ್ನ ಮೇಲೆ ಹಿಣಿಲು, ಕೊರಳಿಗೆ ಗಂಟೆ ಕೂಡ.

ಶನಿವಾರ ಸುದ್ದಿ ಹೇಳಲು ಹೋದರೆ ಒಬ್ಬ ತಾಯಿ ಜಗಳಕ್ಕೇ ನಿಂತಳು. "ಮಣ್ಣು ಕಲಸಾಕೆ ಶಾಲೆ ಯಾಕೆ ಬೇಕ್ರಿ? ನಮ್ಮ ಹಿತ್ತಲಾಗೆ ಮಣ್ಣಿಲ್ವಾ?"

ನಾನೂ ಬಿಡಲಿಲ್ಲ. ಕೈ ಪಳಗಿದರೆ ಅಕ್ಷರ ದುಂಡಗಾಗುತ್ತದೆ, ಕಣ್ಣು ಚುರುಕಾಗುತ್ತದೆ, ಸರಸ್ವತಿಯ ಪಟದ ಮುಂದೆ ಕೂತು ಮಾಡಿದ ಎತ್ತು ಬರೀ ಮಣ್ಣಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಭಾಷಣ ಮಾಡಿದೆ. ಭಾಷಣ ಅಳತೆ ಮೀರಿ ಫಲಿಸಿತು. ನಾಲ್ಕು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಬೆಳಗಾಗುವಷ್ಟರಲ್ಲಿ ತಾಯಂದಿರೆಲ್ಲ ತಟ್ಟೆ ಹಿಡಿದು ಶಾಲೆಯ ಬಾಗಿಲಲ್ಲಿ! ಕುಂಬಾರನ ಎತ್ತು ಯಾರಿಗೂ ಬೇಡ, ಸರಸ್ವತಿ ಎತ್ತೇ ಬೇಕು. ನನಗೆ ಹೆಮ್ಮೆಯೋ ಹೆಮ್ಮೆ. "ಪೂಜೆ ಮುಗಿದ ಮೇಲೆ ವಾಪಸ್ ತಂದುಕೊಡಿ" ಎಂದೆ. "ಆಗಲ್ರಿ" ಎಂದರು.

ಮರುದಿನ ಹೋಗಿ ಕೇಳಿದರೆ ಅದೇ ತಾಯಿ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. "ಪೂಜೆ ಮಾಡಿದ ದೇವರನ್ನ ವಾಪಸ್ ಕೊಡಾಕೆ ಬರ್ತೈತೇನ್ರಿ? ಹೊಳೆಗೆ ಬಿಟ್ವಿ."

ಹೊನ್ನಾಳಿಯಿಂದ 'ನಿಮ್ಮ ಸಾಮಾನು ಬಂದಿಲ್ಲ' ಎಂದು ಕೇಳಿ ಕಳಿಸಿದರು. ಹೊಳೆ ನಮ್ಮೂರನ್ನು ದಾಟಿ ಹೊನ್ನಾಳಿಗೇ ಹೋಗುತ್ತದೆ. 'ಇಲ್ಲಿಂದ ಹೊರಟಿದೆ, ದಂಡೆಯಲ್ಲಿ ನೋಡಿಸಿ' ಎಂದು ಉತ್ತರ ಕೊಟ್ಟೆ.

ಉಗುರು

ಶುಚಿತ್ವದ ಪಾಠ ಮಾಡಿದ ಕಾಲ. ದಿನಾ ಬೆಳಿಗ್ಗೆ ಒಬ್ಬ ಹುಡುಗಿ ಎಲ್ಲರ ಉಗುರು ನೋಡುತ್ತಿದ್ದಳು. ಕೊಳೆ ಇದ್ದವರು ತೊಳೆದುಕೊಂಡೇ ಒಳಗೆ ಬರಬೇಕು. "ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ನಡೆಸದಿದ್ದರೆ ಕಲಿತ ಹಾಗಲ್ಲ" ಎಂದು ಮನೆಮನೆಯಲ್ಲಿ ಹೇಳಿ ಬಂದೆ. ದೊಡ್ಡವರು ಮರೆತರು. ಒಂದು ಹುಡುಗಿ ಮರೆಯಲಿಲ್ಲ.

ಅವಳ ಅಕ್ಕನನ್ನು ನೋಡಲು ಜಗಳೂರು ಕಡೆಯಿಂದ ಗಂಡಿನವರು ಬಂದರು. ಕಂಬಳಿ ಹಾಸಿ ಕೂರಿಸಿದ್ದಾಯಿತು, ಮುಂದೆ ಅವಲಕ್ಕಿ ಇಟ್ಟದ್ದಾಯಿತು. ಆಗ ಈ ಹುಡುಗಿ ನಡುವೆ ಬಂದು ನಿಂತು, "ಎಲ್ಲರೂ ಕೈ ಮುಂದೆ ಚಾಚಿ" ಎಂದಳಂತೆ.

ಗಂಡಿನ ಸೋದರಮಾವ, ಕುರಿ ಸಾಕುವವನು, ಏನೋ ಶಾಸ್ತ್ರವಿರಬೇಕು ಎಂದುಕೊಂಡು ಭಕ್ತಿಯಿಂದ ಅಂಗೈ ಚಾಚಿದ.

"ತಿರುವಿ ಹಿಡೀರಿ."

ತಿರುವಿದ.

"ಹೋಗಿ ತೊಳಕೊಂಡು ಬರ್ರಿ. ಆಮೇಲೆ ತಿನ್ರಿ."

ಹುಡುಗಿಯ ತಾಯಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ. ಸೋದರಮಾವ ಎದ್ದ, ಹಿತ್ತಲಿಗೆ ಹೋದ, ತೊಳೆದುಕೊಂಡು ಬಂದ. ಉಳಿದವರೂ ಯಾರೂ ಹೇಳದೆಯೇ ಒಬ್ಬೊಬ್ಬರಾಗಿ ಎದ್ದು ಹೋದರು. ಗಂಡಿನ ಅಪ್ಪ ಕೈ ಒರೆಸಿಕೊಳ್ಳುತ್ತಾ, "ಸಣ್ಣಾಕಿನೇ ಹಿಂಗಿದ್ರೆ ದೊಡ್ಡಾಕಿ ಹೆಂಗಿರ್ಬೇಕು!" ಎಂದ. ಅದು ಹೊಗಳಿಕೆಯೋ ಹೆದರಿಕೆಯೋ ಯಾರಿಗೂ ತಿಳಿಯಲಿಲ್ಲ.

ಆ ಶನಿವಾರ ಆ ತಾಯಿ ನನ್ನನ್ನು ಹೊಸಿಲ ಹೊರಗೇ ನಿಲ್ಲಿಸಿ ಬೈದಳು. "ಸಂಬಂಧ ಮುರಿದು ಬಿದ್ದಿದ್ರೆ ನೀವು ಗಂಡು ಹುಡುಕಿ ಕೊಡ್ತಿದ್ರೇನು?" ನಾನು ಬೈಸಿಕೊಂಡೆ. ಆದರೆ ಹುಡುಗಿ ಮಾಡಿದ್ದು ತಪ್ಪು ಎಂದು ಮಾತ್ರ ಹೇಳಲಿಲ್ಲ. ನಾವು ಹೇಳಿದ್ದನ್ನು ಪೂರ್ತಿ ನಂಬುವವರು ಲೋಕದಲ್ಲಿ ಮಕ್ಕಳು ಮಾತ್ರ. ಅವರನ್ನೂ ಕಳೆದುಕೊಂಡರೆ ಹೇಗೆ?

ಸಂಬಂಧ ಮುರಿಯಲಿಲ್ಲ. ಮದುವೆಗೆ ನನ್ನನ್ನೂ ಕರೆದರು. ನಾನು ಚಪ್ಪರದೊಳಗೆ ಕಾಲಿಟ್ಟೆ. "ಅಕ್ಕೋರು ಬಂದ್ರು" ಎಂದು ಯಾರೋ ಅಂದರು. ಗಂಡಿನ ಕಡೆಯವರೆಲ್ಲ ಕೈಗಳನ್ನು ಶಲ್ಯದೊಳಗೆ ಎಳೆದುಕೊಂಡರು. ಧಾರೆಯ ಹೊತ್ತಿಗೆ "ಕೈ ಮುಂದೆ ಹಿಡಿಯಪ್ಪ" ಎಂದರೆ ಮದುಮಗ ಮೊದಲು ನನ್ನ ಮುಖ ನೋಡಿದ.

ಮುಯ್ಯಿ

ಆ ವರ್ಷ ಮಳೆ ಚೆನ್ನಾಗಿ ಬಂತು, ಕಳೆ ಅದಕ್ಕಿಂತ ಚೆನ್ನಾಗಿ ಬಂತು. ಹುಡುಗಿಯರೆಲ್ಲ ಹೊಲದ ಪಾಲಾದರು. ಇನ್ಸ್‌ಪೆಕ್ಟರ್ ಸಾಹೇಬರು ಬುಧವಾರ ಬರುತ್ತಾರೆ, ಶಾಲೆ ಇಡುವುದೋ ಮುಚ್ಚುವುದೋ ಅಂದೇ ತೀರ್ಮಾನ ಎಂದು ಸುದ್ದಿ ಬಂತು. ಶನಿವಾರ ಮನೆಮನೆಗೂ ಹೋಗಿ, "ಬುಧವಾರ ಮಾತ್ರ ಪ್ರತಿ ಮನೆಯಿಂದ ಒಬ್ಬರು ತಪ್ಪದೆ ಬರಬೇಕು" ಎಂದೆ. ಎಲ್ಲರೂ ಕೂಡಲೇ ಒಪ್ಪಿದರು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಿ ಎಂದು ಒಂದು ಪದ್ಧತಿ. ಇಂದು ನನ್ನ ಮನೆಯಿಂದ ನಿಮ್ಮ ಹೊಲಕ್ಕೆ ಒಂದು ಆಳು ಬಂದರೆ, ನಾಳೆ ನಿಮ್ಮ ಮನೆಯಿಂದ ನನ್ನ ಹೊಲಕ್ಕೆ ಒಂದು ಆಳು ಬರಬೇಕು. ಸೊಸೆ ಬಂದರೂ ಸರಿ, ಅತ್ತೆ ಬಂದರೂ ಸರಿ. ಮನೆಯ ಲೆಕ್ಕಕ್ಕೆ ಒಂದು ಆಳು.

ಬುಧವಾರ ಸಾಹೇಬರು ಒಳಗೆ ಬಂದು ನೋಡುತ್ತಾರೆ: ಮಣೆಯ ಮೇಲೆ ಸಾಲಾಗಿ ಅಜ್ಜಿಯರು! ಬಗ್ಗಿ ಕಳೆ ಕೀಳಲಾಗದವರನ್ನೆಲ್ಲ ಆರಿಸಿ ಕಳಿಸಿದ್ದರು. ಬಾಗಿಲ ಹತ್ತಿರ ಬಳೆಗಾರ ಸಾಬರು, ಮಗಳ ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು.

ಸಾಹೇಬರು ಹಾಜರಿ ಪುಸ್ತಕ ತೆಗೆದುಕೊಂಡು ಮೂಲೆಮನೆ ಹುಡುಗಿಯ ಹೆಸರು ಕೂಗಿದರು.

"ಹಾಜರ್" ಎಂದಳು ಅಜ್ಜಿ.

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಇಲ್ಲಿ ವಯಸ್ಸು ಏಳು ಅಂತ ಇದೆ."

"ಇರ್ಲಿ ಬಿಡ್ರಿ. ನನ್ನ ವಯಸ್ಸು ಬರೆದುಕೊಂಡೋರು ಯಾರೂ ಇಲ್ಲ."

"ಮತ್ತೆ ನೀವು?" ಎಂದು ಬಳೆಗಾರರನ್ನು ಕೇಳಿದರು.

"ಹುಡುಗಿ ಅವರಜ್ಜಿ ಊರಿಗೆ ಹೋಗ್ಯಾಳೆ ಸಾಹೇಬ್ರೆ. ನಮ್ಮ ಮನೆಯಿಂದ ನಾನು."

ಸಾಹೇಬರು ಪುಸ್ತಕ ಮುಚ್ಚಿಟ್ಟು, "ಇಲ್ಲಿ ಏನು ಕಲಿಸ್ತಾರೆ, ನಿಮಗೇನಾದರೂ ಗೊತ್ತೇ?" ಎಂದು ಅಜ್ಜಿಯನ್ನೇ ಕೇಳಿದರು.

"ಗೊತ್ತಿಲ್ದೆ ಏನು? ನಮ್ಮ ಹುಡುಗಿಗೆ ಕೂಡೋದು ಬಂದೈತೆ. ಕಳೆಯೋದರಾಗೆ ದಶಕ ತಗೊಳ್ಳೋದು ಮರೀತಾಳೆ. ಬರಹ ಬಲಕ್ಕೆ ವಾಲ್ತೈತೆ. ಶನಿವಾರ ಶನಿವಾರ ಈ ಅಕ್ಕೋರು ಮನೆಗೆ ಬಂದು ಪ್ರಾಣ ತಿಂತಾರಲ್ಲ!"

ಉಳಿದ ಅಜ್ಜಿಯರೂ ತಮ್ಮ ತಮ್ಮ ಮೊಮ್ಮಕ್ಕಳ ಪಾಠದ ವರದಿ ಒಪ್ಪಿಸಿದರು. ಬಳೆಗಾರರು ಮಗಳ ಮಗ್ಗಿಯನ್ನೇ ಹೇಳಲು ಹೊರಟರು, ಸಾಹೇಬರು ತಡೆದರು. ಹೋಗುವಾಗ ನನಗೆ, "ಮುಚ್ಚುವುದಿಲ್ಲ. ಕಳೆ ಮುಗಿದ ಮೇಲೆ ಮತ್ತೆ ಬರುತ್ತೇನೆ. ಆಗ ಮೊಮ್ಮಕ್ಕಳನ್ನು ತೋರಿಸಿ" ಎಂದರು.

ನಾನು ಉಸಿರು ಬಿಡುವ ಮೊದಲೇ ಮೂಲೆಮನೆ ಅಜ್ಜಿ ಎದ್ದು ನಿಂತಳು. "ಅಕ್ಕೋರೇ, ನಾವು ಒಂದು ಆಳು ಬಂದ್ವಿ. ನಮ್ಮ ಹೊಲಕ್ಕೆ ಯಾವಾಗ ಬರ್ತೀರಿ?"

ಎಲ್ಲರೂ ನಕ್ಕರು. ನನಗೆ ಹಟ ಬಂತು. "ಭಾನುವಾರ" ಎಂದೆ.

ಹೋದೆ. ಬಿಸಿಲೇರಿ ಇಳಿಯುವವರೆಗೂ ಜೋಳದ ಸಾಲಿನಲ್ಲಿ ಬಗ್ಗಿ ಕಳೆ ತೆಗೆದೆ. ಪಕ್ಕದ ಸಾಲಿನಲ್ಲಿ ಹುಡುಗಿ. ಅಜ್ಜಿ ಹಿಂದೆ ಬಂದು ಒಂದು ಹುಲ್ಲೂ ಬಿಟ್ಟಿಲ್ಲವೆಂದು ನೋಡಿಕೊಂಡು, "ಮುಯ್ಯಿ ತೀರ್ತು" ಎಂದಳು. ಕಳೆ ಮುಗಿದರೆ ಹುಡುಗಿ ನ್ಯಾಮತಿಗೆ ಹೋಗುವವಳು. ಮುಂದಿನ ಭಾನುವಾರ ಯಾರೂ ಕರೆಯದೆ ಮತ್ತೆ ಹೋದೆ.

"ನಿಮ್ಮದು ತೀರೈತಲ್ಲ, ಯಾಕೆ ಬಂದ್ರಿ?"

"ಇದು ಹೊಸ ಮುಯ್ಯಿ. ಇನ್ನು ನೀವು ನನಗೆ ಒಂದು ಆಳು ಕೊಡಬೇಕು. ನನಗೆ ಅಜ್ಜಿ ಬೇಡ, ಹುಡುಗಿ ಬೇಕು."

ಮುಯ್ಯಿ ಉಳಿಸಿಕೊಂಡ ಮನೆ ಎನ್ನಿಸಿಕೊಳ್ಳುವುದು ಆ ಅಜ್ಜಿಯಿಂದ ಆಗದ ಮಾತು. ಸೋಮವಾರ ಹುಡುಗಿ ಬಂದಳು. ಹಿಂದೆಯೇ ಅಜ್ಜಿಯೂ ಬಂದು, ಆಳು ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಹೊಸಿಲ ಮೇಲೆ ಕೂತಳು. ಹುಡುಗಿ ಓದುವುದನ್ನು, ಹಲಗೆಯ ಮೇಲೆ ಬರೆಯುವುದನ್ನು, ಚಿಕ್ಕವರಿಗೆ ಹೇಳಿಕೊಡುವುದನ್ನು ಇಡೀ ದಿನ ಕಣ್ಣು ಮಿಟುಕಿಸದೆ ನೋಡಿದಳು. ಸಂಜೆ ಗಂಟೆ ಹೊಡೆದಾಗ ಅವಳಿಗೆ ಸಮಾಧಾನವಾಗಲಿಲ್ಲ.

"ಇದು ಮುಯ್ಯಿ ತೀರಿದಂಗಲ್ಲ ಅಕ್ಕೋರೇ. ನೀವು ಬಿಸಿಲಾಗೆ ಬಗ್ಗಿ ಮಾಡಿದ್ರಿ. ಇವಳು ನೆರಳಾಗೆ ಕೂತು ಮಾಡ್ಯಾಳೆ. ಹೊತ್ತು ಮುಳುಗೋಕೆ ಮುಂಚೆ ಬೇರೆ ಬಿಟ್ರಿ. ಬಿಸಿಲಿನ ಒಂದು ದಿನಕ್ಕೆ ನೆರಳಿನ ಎಷ್ಟು ದಿನ ಆಗ್ತೈತೆ, ನೀವೇ ಲೆಕ್ಕ ಹಾಕಿ ಹೇಳ್ರಿ."

ನಾನು ಸೀಮೆಸುಣ್ಣ ತೆಗೆದುಕೊಂಡೆ. ಹಲಗೆಯ ತುಂಬ ಕೂಡಿದೆ, ಗುಣಿಸಿದೆ, ದಶಕ ತೆಗೆದುಕೊಂಡೆ, ಅಳಿಸಿ ಮತ್ತೆ ಬರೆದೆ. ಹುಡುಗಿ ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ತುಟಿ ಕಚ್ಚಿಕೊಂಡು ನೆಲ ನೋಡಿದಳು.

"ಅಜ್ಜಿ, ನಾಲ್ಕನೇ ಕ್ಲಾಸು ಮುಗಿಯೋವರೆಗೂ ಬರಬೇಕಾಗ್ತೈತೆ" ಎಂದೆ.

ಅಜ್ಜಿ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು. ಸೆರಗು ಕೊಡವಿಕೊಂಡು ಎದ್ದಳು.

"ಅಷ್ಟೇನಾ? ಇನ್ನೊಂದು ಸಲ ಕೂಡಿ ನೋಡ್ರಿ. ನನ್ನ ಲೆಕ್ಕದಾಗೆ ಇನ್ನೂ ಹೆಚ್ಚು ಬರ್ತೈತೆ."