ಗುಡುಗಿನ ಮೊಮ್ಮಗ ಇಂಗ್ಲಿಷ್ ಕ್ಲಾಸಿಗೆ ಬಂದದ್ದು

ನಾಫೆರ್ ಬೆರ್ರಿಯೊ ಮೇಷ್ಟ್ರ ಆ ದಿನದ ಗ್ರಹಚಾರ ಶುರುವಾದದ್ದು ಒಂದು ಲೋಟ ಹುಣಸೆ ಶರಬತ್ತಿನಿಂದ. ಶಾಲೆಯ ಎದುರು ಮೊಟ್ಟೆ ತುಂಬಿದ ಜೋಳದ ರೊಟ್ಟಿ ಅರೇಪಾ ಕರಿದು ಮಾರುವ ಎದಿಲ್ಸಾ, "ಇನ್‌ಸ್ಪೆಕ್ಟರ್ ಬರ್ತಾರಂತೆ, ಖಾಲಿ ಹೊಟ್ಟೇಲಿ ಪಾಠ ಮಾಡ್ಬೇಡಿ ಮೇಷ್ಟ್ರೇ" ಎಂದು ಅಕ್ಕರೆಯಿಂದ ಕ್ಲಾಸಿನೊಳಗೇ ತಿಂಡಿ ತಂದಳು. ತಟ್ಟೆ ಮೇಜಿನ ಮೇಲೆ ನೆಟ್ಟಗೆ ಕೂತಿತು. ಲೋಟ ಮಾತ್ರ ಜಾರಿ, ಪಾಠಕ್ಕೆಂದು ಇಟ್ಟಿದ್ದ ಸ್ಪೀಕರಿನ ಮೇಲೆ ಮಗುಚಿಕೊಂಡಿತು. ಸ್ಪೀಕರು ಒಮ್ಮೆ ಮುಲುಗಿ ತೆಪ್ಪಗಾಯಿತು.

ಕಾರ್ತಹೇನಾ ಪಟ್ಟಣದಿಂದ ಬರಲಿದ್ದ ಇನ್‌ಸ್ಪೆಕ್ಟರ್ ಲಿಯೊನೋರ್ ಮೇಡಂ ಸುಮ್ಮನೆ ಬರುತ್ತಿರಲಿಲ್ಲ. "ನಾಫೆರ್ ಇಂಗ್ಲಿಷ್ ಕಲಿಸುವುದಿಲ್ಲ, ಸಿನಿಮಾ ತೋರಿಸುತ್ತಾನೆ, ಹಾಡು ಹಾಕುತ್ತಾನೆ" ಎಂದು ಹೆಡ್‌ಮಾಸ್ಟರು ದೂರು ಕೊಟ್ಟಿದ್ದರು. ಇವತ್ತಿನ ಪಾಠ ಮೇಡಂಗೆ ಹಿಡಿಸದಿದ್ದರೆ ವರ್ಗಾವಣೆ ಖಂಡಿತ. ಹಾಗಾದರೆ ನಾಫೆರನ ಕೈತಪ್ಪುವುದು ಆ ಕೋಣೆ. ಸದ್ದು ಹೊರಹೋಗದಂತೆ ಗೋಡೆಗೆ ರಟ್ಟಿನ ಮೊಟ್ಟೆ ಟ್ರೇ ಅಂಟಿಸಿ, ಕಿಟಕಿಗೆ ಮಕ್ಕಳ ತಾಯಂದಿರು ಹೊಲಿದುಕೊಟ್ಟ ಕಪ್ಪು ಪರದೆ ಕಟ್ಟಿ, ಯಾರೋ ಬಿಸಾಕಿದ್ದ ಪ್ರೊಜೆಕ್ಟರನ್ನು ತಾನೇ ರಿಪೇರಿ ಮಾಡಿ ಅವನು ಎಬ್ಬಿಸಿದ ಪುಟ್ಟ ಟಾಕೀಸು ಅದು. ಅಲ್ಲಿ ಮಕ್ಕಳು ಪರದೆಯ ಪಾತ್ರಗಳ ಜೊತೆ ಜಗಳವಾಡುತ್ತ, ಹಾಡಿನ ಜೊತೆ ಹಾಡುತ್ತ, ತಮಗೇ ಗೊತ್ತಾಗದಂತೆ ಇಂಗ್ಲಿಷ್ ಕಲಿತುಬಿಡುತ್ತಿದ್ದರು. ಅಂಥ ಮೇಷ್ಟ್ರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಹೆಡ್‌ಮಾಸ್ಟರಿಗೆ ಕಣ್ಣಿರಲಿಲ್ಲ, ಅಷ್ಟೇ.

"ಅಯ್ಯೋ, ನನ್ನಿಂದ ಹೀಗಾಯ್ತಲ್ಲ" ಎಂದ ಎದಿಲ್ಸಾ, ಸೆರಗಿಲ್ಲದ ಊರಿನಲ್ಲಿ ಏಪ್ರನ್ನಿನಿಂದಲೇ ಕಣ್ಣೊರೆಸಿಕೊಂಡಳು. "ನೀವು ಯೋಚ್ನೆ ಬಿಡಿ. ವಿಲ್ಫ್ರಿದೊಗೆ ಹೇಳ್ತೀನಿ."

"ಅಕ್ಕಾ, ಅವನಿಗೆ ಮಾತ್ರ ಹೇಳ್ಬೇಡಿ" ಎಂದ ನಾಫೆರ್. ಅಷ್ಟರಲ್ಲಿ ಅವಳು ರಸ್ತೆ ದಾಟಿಯಾಗಿತ್ತು.

ವಿಲ್ಫ್ರಿದೊ ಪಿಕೊ ಇಟ್ಟವನು. ಪಿಕೊ ಎಂದರೆ ಕುಣಿತದ ಕೂಟಗಳಿಗೆ ಬಾಡಿಗೆಗೆ ಹೋಗುವ, ಆಳೆತ್ತರ ಮೀರಿದ ಸ್ಪೀಕರುಗಳ ಗೋಡೆ. ಆ ಕರಾವಳಿಯಲ್ಲಿ ಪ್ರತಿ ಪಿಕೊಗೂ ಒಂದು ಹೆಸರು, ಒಂದು ಚಿತ್ರ. ವಿಲ್ಫ್ರಿದೊನದರ ಹೆಸರು 'ಗುಡುಗಿನ ಮೊಮ್ಮಗ'. ಅದರ ಮೇಲೆ ಕನ್ನಡಕ ಹಾಕಿದ ಸಿಂಹವೊಂದು ಮಾವಿನಹಣ್ಣು ತಿನ್ನುತ್ತಿತ್ತು. ಅವನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು ನಾಫೆರ್. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ. ಕೊಂಪಾದ್ರೆಯ ಕಷ್ಟಕ್ಕೆ ಆಗದವನು ಗಂಡಸೇ ಅಲ್ಲ ಎಂಬುದು ವಿಲ್ಫ್ರಿದೊನ ನಂಬಿಕೆ.

ಸ್ವಲ್ಪ ಹೊತ್ತಿನಲ್ಲೇ ಪಿಕೊ ಹೊತ್ತ ಹೇಸರಗತ್ತೆಯ ಗಾಡಿ ಶಾಲೆಯ ಅಂಗಳಕ್ಕೆ ಬಂತು.

"ಕೊಂಪಾದ್ರೆ, ನಂಗೆ ಬೇಕಿದ್ದಿದ್ದು ಒಂದು ಚಿಕ್ಕ ಡಬ್ಬ" ಎಂದ ನಾಫೆರ್.

"ಇನ್‌ಸ್ಪೆಕ್ಟರ್ ಬರೋ ದಿನ ಡಬ್ಬ ಇಟ್ಕೊಂಡು ಮರ್ಯಾದೆ ಕಳ್ಕೋತೀಯಾ? ಸುಮ್ನಿರು."

ಗುಡುಗಿನ ಮೊಮ್ಮಗ ಕ್ಲಾಸಿನ ಬಾಗಿಲಲ್ಲಿ ಹಿಡಿಸಲಿಲ್ಲ. ಅಂಗಳದಲ್ಲೇ ಕಿಟಕಿಗೆ ಮುಖಮಾಡಿ ನಿಲ್ಲಿಸಿದರು. ಶಾಲೆಯ ಕರೆಂಟು ಸಾಲದೆಂದು ವಿಲ್ಫ್ರಿದೊ ಬೀದಿಯ ಕಂಬಕ್ಕೇ ತಂತಿ ಸಿಕ್ಕಿಸಿದ. ಅದೇ ಹೊತ್ತಿಗೆ ಇಸ್ತ್ರಿ ಹಾಕಿದ ಬಿಳಿ ಅಂಗಿಯ ಲಿಯೊನೋರ್ ಮೇಡಂ ಗೇಟಿನೊಳಗೆ ಬಂದರು. ಸಿಂಹವನ್ನು ನೋಡಿದರು, ಮೇಷ್ಟ್ರನ್ನು ನೋಡಿದರು, ಹಿಂದಿನ ಬೆಂಚಿನಲ್ಲಿ ಕೂತು ಪೆನ್ನು ತೆಗೆದರು.

ಇವತ್ತಿನ ಹಾಡು ದ್ವೀಪಗಳ ಕಡೆಯಿಂದ ಬಂದ ಹಳೆಯ ಇಂಗ್ಲಿಷ್ ಹಾಡು. "ಮೆಲ್ಲಗೆ ಹಾಕು" ಎಂದು ನಾಫೆರ್ ಕಿಟಕಿಯಿಂದ ಕೈಮುಗಿದ.

"ಇದಕ್ಕೆ ಮೆಲ್ಲಗೆ ಅನ್ನೋದು ಬರಲ್ಲ ಕೊಂಪಾದ್ರೆ" ಎಂದು ವಿಲ್ಫ್ರಿದೊ ಗುಂಡಿ ತಿರುಗಿಸಿದ.

ಛಾವಣಿಯ ತಗಡು ಅದುರಿತು. ಮರದಿಂದ ಮಾವಿನಕಾಯಿ ಉದುರಿದವು. ಗೋಡೆಯ ಮೊಟ್ಟೆ ಟ್ರೇಗಳು ಒಂದೊಂದಾಗಿ ಕಳಚಿ ಮೇಡಂ ತಲೆಯ ಮೇಲೆ ಬಿದ್ದವು. ಇಷ್ಟಾದರೂ ಸಹಿಸಬಹುದಿತ್ತು. ಆದರೆ ಆ ಬಡಾವಣೆಯಲ್ಲಿ ಪಿಕೊ ಸದ್ದು ಕೇಳಿದರೆ ಯಾರೂ ಕರೆಯಲಿ ಎಂದು ಕಾಯುವುದಿಲ್ಲ. ಹೆಂಗಸರು ಪ್ಲಾಸ್ಟಿಕ್ ಕುರ್ಚಿ ಹೊತ್ತು ಬಂದರು, ಗಂಡಸರು ಬಿಯರ್ ತುಂಬಿದ ಐಸ್ ಪೆಟ್ಟಿಗೆ ಹೊತ್ತು ಬಂದರು. ಯಾರ ಮದುವೆ ಎಂದು ಒಬ್ಬರೂ ಕೇಳಲಿಲ್ಲ. ಹೆಂಡತಿ ಮನೆಯಲ್ಲಿದ್ದುದರಿಂದ ವಿಲ್ಫ್ರಿದೊ ಎದಿಲ್ಸಾಳ ಕೈಹಿಡಿದು ಕುಣಿಯತೊಡಗಿದ. ಹಾಡಿನ ಪದಗಳನ್ನು ಎಲ್ಲರೂ ಕಣ್ಣುಮುಚ್ಚಿ ಹಾಡಿದರು. ಇಂಗ್ಲಿಷ್ ಎಂಬುದು ಆ ಬಾಯಿಗಳಲ್ಲಿ ಏನೇನೋ ಆಗಿ ಹೊರಬರುತ್ತಿತ್ತು.

ಮೇಡಂ ಬರೆಯುತ್ತಲೇ ಇದ್ದರು.

ಎರಡನೇ ಚರಣಕ್ಕೆ ಬೀದಿಯ ಟ್ರಾನ್ಸ್‌ಫಾರ್ಮರ್ ಢಮಾರ್ ಎಂದು ಹೊಗೆಯುಗುಳಿತು. ಹಾಡು ಹೋಯಿತು, ಪ್ರೊಜೆಕ್ಟರು ಹೋಯಿತು, ಇಡೀ ಬಡಾವಣೆಯ ಫ್ಯಾನು, ಫ್ರಿಜ್ಜು ಹೋದವು.

"ಮೇಷ್ಟ್ರೇ, ಪಾಠ ಯಾವಾಗ ಶುರು?" ಎಂದರು ಮೇಡಂ, ಕೂದಲಿನಿಂದ ರಟ್ಟಿನ ಚೂರು ತೆಗೆಯುತ್ತ.

ಎದಿಲ್ಸಾ ಕಿಟಕಿಯಿಂದ ಒಳಗೆ ಮುಖ ತೂರಿಸಿದಳು. ಮುಂದಿನ ಬೆಂಚಿನ ದಾಯಾನಿಸ್ ಎಂಬ ಹುಡುಗಿಯನ್ನು ಕೇಳಿದಳು: "ಅಲ್ಲ ಕಣೆ, ಚಿಕ್ಕೋಳಿದ್ದಾಗಿಂದ ಈ ಹಾಡಿಗೆ ಕುಣೀತಿದೀನಿ. ಆ ಹಾಡೋನು ಅದೇನಂತ ಅಷ್ಟು ಗೋಳಾಡ್ತಾನೆ?"

"ಹಲ್ಲುನೋವು ಅಂತಾನೆ ಅಜ್ಜಿ."

"ಪ್ರೀತಿ ಗೀತಿ ಏನೂ ಇಲ್ವಾ?"

"ಇಲ್ಲ. ಬರೀ ದವಡೆ ಹಲ್ಲು. ಕೊನೇಲಿ ಕೀಳಿಸ್ಕೋತಾನೆ."

ವಿಲ್ಫ್ರಿದೊ ಕುರ್ಚಿಯ ಮೇಲೆ ಕುಸಿದ. "ನನ್ ಮದ್ವೇಲಿ ಮೊದಲ್ನೇ ಕುಣಿತ ಇದಕ್ಕೇ ಕುಣಿದಿದ್ದು."

"ಅದಕ್ಕೇ ನಿನ್ ಹೆಂಡ್ತಿ ಮುಖ ಯಾವಾಗ್ಲೂ ಹಂಗಿರೋದು" ಎಂದಳು ಎದಿಲ್ಸಾ.

ಅಂಗಳ ಘೊಳ್ಳೆಂದು ನಕ್ಕಿತು. ಆ ನಗುವಿನಲ್ಲಿ ನಾಫೆರನ ಭಯ ಎಲ್ಲೋ ಕಳೆದುಹೋಗಿ ಅವನೊಳಗಿನ ಮೇಷ್ಟ್ರು ಎದ್ದು ಕೂತ. ಮಕ್ಕಳನ್ನು ಅಂಗಳಕ್ಕೆ ಕರೆದ. ವಿಲ್ಫ್ರಿದೊನ ದವಡೆಗೆ ಟವೆಲ್ ಕಟ್ಟಿ ರೋಗಿ ಮಾಡಿದ, ದಾಯಾನಿಸಳನ್ನು ಡಾಕ್ಟರು ಮಾಡಿದ. ಎಲ್ಲಿ ನೋವು, ಯಾವಾಗಿನಿಂದ ನೋವು, ಸಿಹಿ ತಿಂದಿರಾ ಎಂದು ಅವಳು ಇಂಗ್ಲಿಷಿನಲ್ಲಿ ದಬಾಯಿಸಿದಳು. ಉಳಿದ ಮಕ್ಕಳು ಅಜ್ಜಿಯರ ಪಕ್ಕ ಕೂತು ಹಾಡಿನ ಒಂದೊಂದು ಸಾಲನ್ನೂ ಬಿಡಿಸಿ ಹೇಳಿದರು. ಇಷ್ಟು ವರ್ಷ ಹಾಡಿದ್ದು ಅರ್ಥವಾದಾಗ ಆ ಮುದಿ ಮುಖಗಳು ಅರಳಿದ್ದನ್ನು ನೋಡಬೇಕಿತ್ತು.

"ಸಿನಿಮಾ ತೋರಿಸಲ್ವಾ?" ಎಂದು ಯಾರೋ ಕೇಳಿದರು. ಯಾರದೋ ಮನೆಯ ಬಿಳಿ ಹಾಸಿಗೆ ಬಟ್ಟೆಯನ್ನು ಪರದೆಯಂತೆ ಪಿಕೊದ ಸಿಂಹದ ಮೇಲೆ ಇಳಿಬಿಟ್ಟು ಮಕ್ಕಳೇ ಅದರ ಮುಂದೆ ನಿಂತರು. ಗಂಡ ಮೀನು ಸೀಯಿಸಿದ್ದಕ್ಕೆ ಹೆಂಡತಿ ಜಗಳ ತೆಗೆಯುವ, ಕ್ಲಾಸಿನಲ್ಲಿ ಮತ್ತೆ ಮತ್ತೆ ನೋಡಿದ್ದ ಹಳೆಯ ಇಂಗ್ಲಿಷ್ ಚಿತ್ರದ ಮಾತೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಮಳೆಯ ಸದ್ದು ಒಬ್ಬ, ನಾಯಿಯ ಬೊಗಳು ಇನ್ನೊಬ್ಬ, ಹಿನ್ನೆಲೆಯ ಪಿಟೀಲು ಮೂಗಿನಿಂದ ಮತ್ತೊಬ್ಬ. ಹೆಂಡತಿಯ ಪಾತ್ರಕ್ಕೆ ಲಿಯೊನೋರ್ ಮೇಡಂ ಅವರನ್ನೇ ಕೈಹಿಡಿದೆಳೆದರು. ಮೇಡಂ ಬೇಡ ಬೇಡವೆನ್ನುತ್ತ ಎದ್ದವರು ಇಂಗ್ಲಿಷಿನಲ್ಲಿ ಬೈಯತೊಡಗಿದ ಮೇಲೆ ನಿಲ್ಲಿಸಲೇ ಇಲ್ಲ. ಗಂಡನಾಗಿದ್ದ ಹುಡುಗ ಕೊನೆಗೆ ನಿಜವಾಗಿಯೂ ಕ್ಷಮೆ ಕೇಳಿದ.

ಪಾಠ ಮುಗಿದಾಗ ಮೇಡಂ ಕಣ್ಣೊರೆಸಿಕೊಂಡರು. "ಇಪ್ಪತ್ತು ವರ್ಷದಿಂದ ಕ್ಲಾಸ್ ನೋಡ್ತಿದೀನಿ ಮೇಷ್ಟ್ರೇ. ಇಂಥದ್ದು ನೋಡಿಲ್ಲ. ನಿಮ್ಮ ಮೇಲಿನ ದೂರನ್ನ ಇಲ್ಲೇ ಹರಿದು ಹಾಕ್ತೀನಿ."

ಜನ ಚಪ್ಪಾಳೆ ತಟ್ಟಿದರು. ನಾಫೆರನಿಗೆ ಹೋದ ಜೀವ ಬಂತು.

"ಹಾಡು, ಸಿನಿಮಾ ಇಟ್ಟು ಇಂಗ್ಲಿಷ್ ಹೇಳ್ಕೊಡೋ ಮೇಷ್ಟ್ರನ್ನ ಕಳಿಸಿ ಅಂತ ನದಿ ಮೇಲ್ಗಡೆ ಒಂದು ಊರಿನೋರು ನನ್ನ ಪ್ರಾಣ ತಿಂತಿದಾರೆ" ಎಂದು ಮೇಡಂ ಮುಂದುವರಿಸಿದರು. "ದೋಣೀಲಿ ಅರ್ಧ ದಿನ. ಅಲ್ಲಿಗೆ ಕರೆಂಟ್ ಬಂದೇ ಇಲ್ಲ. ಯಾರನ್ನ ಕಳಿಸ್ಲಿ ಅಂತ ತಲೆ ಕೆಡಿಸ್ಕೊಂಡಿದ್ದೆ. ದೇವರು ಇವತ್ತು ತೋರಿಸ್ಕೊಟ್ಟ. ಸೋಮವಾರ ಹೊರಡಿ."

ನಾಫೆರ್ ಅವಸರದಿಂದ ಮುಂದೆ ಬಂದ. "ಮೇಡಂ, ಇವತ್ತಿಂದು ಏನೋ ಆಕಸ್ಮಿಕ. ಆ ಕೋಣೆ, ಪ್ರೊಜೆಕ್ಟರ್ ಇಲ್ದೆ ನಂಗೆ ಪಾಠ ಬರಲ್ಲ. ಬೇಕಾದ್ರೆ ಮಕ್ಕಳನ್ನೇ ಕೇಳಿ."

ಮೇಡಂ ಇಂಗ್ಲಿಷಿನಲ್ಲೇ ಮಕ್ಕಳನ್ನು ಕೇಳಿದರು. ಮೇಷ್ಟ್ರ ಮಾನ ಉಳಿಸಬೇಕೆಂದು ದಾಯಾನಿಸ್ ತಟ್ಟನೆ ಎದ್ದಳು. ನಮ್ಮ ಮೇಷ್ಟ್ರು ವಿನಯದಿಂದ ಸುಳ್ಳು ಹೇಳುತ್ತಿದ್ದಾರೆ, ಇಲ್ಲಿ ವಾರಕ್ಕೆರಡು ಸಲ ಕರೆಂಟು ಹೋಗುತ್ತದೆ, ನಾವು ಹೆಚ್ಚು ಕಲಿತದ್ದು ಆ ದಿನಗಳಲ್ಲೇ, ಅವರಿಗೆ ಯಾವ ಯಂತ್ರವೂ ಬೇಡ ಎಂದು ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಹೇಳಿದಳು.

ಅವಳ ಇಂಗ್ಲಿಷಿನಲ್ಲಿ ಎಲ್ಲಾದರೂ ಒಂದು ತಪ್ಪು ಸಿಗಬಹುದೇ ಎಂದು ನಾಫೆರ್ ಕಿವಿಗೊಟ್ಟು ಕೇಳಿದ. ಒಂದೂ ಸಿಗಲಿಲ್ಲ.