ಸ್ವಾಮಿರಾಯರ ಹೊಳೆಸೇವೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಮಂಗಳೂರಿನ ಕಡಲಲ್ಲಿದ್ದ ಒಂದು ತೊರಕೆ ಮೀನು. ಸಿರುಗುಪ್ಪದ ಕಚೇರಿಗೆ ಹೊಸದಾಗಿ ಬಂದ ಇಂಗ್ಲಿಷ್ ದೊರೆ ಹಿಂದೆ ಆ ಸೀಮೆಯಲ್ಲಿದ್ದಾಗ, ಮೊಣಕಾಲುದ್ದ ನೀರಿನಲ್ಲಿ ನಿಂತು ಗಾಳ ಹಾಕುವ ಹುಚ್ಚಿಗೆ ಬಿದ್ದು, ಮರಳಿನಲ್ಲಿ ಊಟದ ತಟ್ಟೆಯ ಹಾಗೆ ಮಲಗಿದ್ದ ಅದನ್ನು ತುಳಿದಿದ್ದರು. ಅದು ಬಾಲದ ಮುಳ್ಳು ಬೀಸಿ ಕಾಲಿಗೆ ಚುಚ್ಚಿತ್ತು. ಅಂದಿನಿಂದ ದೊರೆ ಎರಡು ಮಾತುಗಳನ್ನು ವೇದದಂತೆ ನಂಬಿದ್ದರು. ನೀರಿನಲ್ಲಿ ಕಾಲೆತ್ತಿ ಇಡಬಾರದು, ತಳದ ಮೇಲೆ ಎಳೆಯುತ್ತ ಹೋಗಬೇಕು. ಆ ಅಲುಗಾಟಕ್ಕೆ ಮೀನು ತಾನಾಗಿ ಸರಿದುಕೊಳ್ಳುತ್ತದೆ. ಅಷ್ಟಾಗಿಯೂ ಚುಚ್ಚಿದರೆ, ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟುಕೊಂಡು ಕೂಡಬೇಕು.

ನಮ್ಮ ಕಡೆಯ ಹೊಳೆಗಳಲ್ಲಿ ತೊರಕೆ ಇಲ್ಲ ಎಂದು ಹೇಳುವ ಧೈರ್ಯ ಕಚೇರಿಯಲ್ಲಿ ಒಬ್ಬರಿಗೂ ಇರಲಿಲ್ಲ. ಗುಮಾಸ್ತ ಸ್ವಾಮಿರಾಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದೊರೆ ಕಣ್ಣಿಗೆ ಬಿದ್ದರೆ ಸಾಕು, ಕಚೇರಿಯ ಕಲ್ಲು ಹಾಸಿನ ಮೇಲೂ ಕಾಲೆಳೆಯುತ್ತ ನಡೆಯತೊಡಗಿದರು.

"ಯಾಕ್ರೀ ರಾಯರ, ವಾಯು ಹಿಡದೈತೇನು?" ಎಂದು ಪಕ್ಕದ ಗುಮಾಸ್ತ ಕೊಟ್ಟೂರಪ್ಪ ಕೇಳಿದ.

"ದೊರೆಗಳ ವಿದ್ಯಾ ಅದ ಇದು. ನಿಮ್ಮಂಥವರಿಗೆ ತಿಳಿಯಂಗಿಲ್ಲ ಬಿಡ್ರಿ," ಎಂದರು ರಾಯರು.

ಈ ವಿದ್ಯೆಯ ಹಿಂದೆ ಒಂದು ಕುರ್ಚಿ ಇತ್ತು. ಹೆಡ್ ಗುಮಾಸ್ತರು ತೀರಿಕೊಂಡು ಆ ಜಾಗ ಖಾಲಿಯಾಗಿತ್ತು. ಕೊಟ್ಟೂರಪ್ಪನೋ ಸ್ವಾಮಿರಾಯರೋ ಎಂಬುದನ್ನು ಈ ಆದಿತ್ಯವಾರ ಸಂಜೆ ಹೇಳುವುದಾಗಿ ದೊರೆ ತಿಳಿಸಿದ್ದರು. ರಾಯರ ಹೆಂಡತಿ ವಿಜಯಾಬಾಯಿ ಅಷ್ಟು ದಿನ ಕಾಯುವ ಹೆಂಗಸಲ್ಲ. ಬಳ್ಳಾರಿಯ ತವರಿಗೆ ಆಗಲೇ ಸುದ್ದಿ ಮುಟ್ಟಿಸಿ, ಉಳಿದ ಗುಮಾಸ್ತರ ಹೆಂಡಿರ ಜೊತೆ ಮಾತು ಕಡಿಮೆ ಮಾಡಿಬಿಟ್ಟಿದ್ದಳು. ಇನ್ನು ಆ ಕುರ್ಚಿ ಸಿಗದಿದ್ದರೆ ರಾಯರು ಮನೆಗೆ ಹೋಗುವಂತಿರಲಿಲ್ಲ.

ಆದಿತ್ಯವಾರ ಬೆಳಿಗ್ಗೆ ದೊರೆ ಇಬ್ಬರನ್ನೂ ಬಂಗಲೆಗೆ ಕರೆಸಿದರು. ಅವರು ಮುನ್ಷಿಯಿಂದ ಕಲಿತ ಪುಸ್ತಕದ ಕನ್ನಡ ಮಾತಾಡುತ್ತಿದ್ದರು.

"ನಾನು ರಾರಾವಿಯ ಹೊಳೆಗೆ ಮೀನು ಹಿಡಿಯಲು ಹೋಗುವೆನು. ನನ್ನೊಡನೆ ನೀರಿಗಿಳಿಯುವವರು ಯಾರು?"

ಕೊಟ್ಟೂರಪ್ಪ ಕೈಮುಗಿದ. "ಮಹಾಸ್ವಾಮಿ, ನಮ್ಮದು ಲಿಂಗಾ ಕಟ್ಟಿದ ಮನೆತನ. ಮೀನ ಹಿಡಿಯೋ ಕೆಲಸಕ್ಕ ನಾ ಬರಾಂಗಿಲ್ರಿ. ತಪ್ಪು ತಿಳೀಬ್ಯಾಡ್ರಿ."

ರಾಯರಿಗೆ ಒಳಗೊಳಗೇ ಸಕ್ಕರೆ ತಿಂದಷ್ಟು ಖುಷಿಯಾಯಿತು. ಈ ಪೆದ್ದ ಬಂದ ಭಾಗ್ಯವನ್ನು ಒದ್ದನಲ್ಲ! ತಾವು ಮೂರು ಹೊತ್ತು ಸಂಧ್ಯಾವಂದನೆ ಮಾಡುವ ವೈಷ್ಣವರು, ಮೀನಿನ ವಾಸನೆ ಬಂದರೆ ಓಣಿ ಬದಲಿಸುವವರು ಎಂಬುದನ್ನು ಅವರು ಆ ಗಳಿಗೆಯಲ್ಲಿ ಸಂಪೂರ್ಣವಾಗಿ ಮರೆತರು.

"ಖಾವಂದರ ಜೋಡಿ ಸಮುದ್ರಕ್ಕ ಬೇಕಾದರೂ ಇಳಿತೇನಿ," ಎಂದರು.

ರಾರಾವಿಯ ಹೊಳೆದಂಡೆಯಲ್ಲಿ ಬಟ್ಲರ್ ಒಲೆ ಹೂಡಿ ದೊಡ್ಡದೊಂದು ಡಬರಿಯಲ್ಲಿ ನೀರು ಕಾಯಿಸಲಿಟ್ಟ. ಎಂದಾದರೂ ತೊರಕೆ ಚುಚ್ಚಿದರೆ ಇರಲೆಂದು ದೊರೆಗಳ ಖಾಯಂ ಹುಕುಂ. ರಾಯರು ಪಂಚೆಯನ್ನು ತೊಡೆಗೇರಿಸಿ, ಹಿಡಿದ ಮೀನು ಹಾಕುವ ಬುಟ್ಟಿ ಹೊತ್ತು, ಮೂಗನ್ನು ಆಕಾಶಕ್ಕೆ ತಿರುಗಿಸಿ ದೊರೆಯ ಹಿಂದೆ ನೀರಿಗಿಳಿದರು.

"ಕಾಲನ್ನು ಎತ್ತಬೇಡಿರಿ! ಎಳೆಯಿರಿ!"

"ಎಳೀಲಿಕ್ಕೇ ಹತ್ತೇನಿ, ಮಹಾಸ್ವಾಮಿ!"

ದೊರೆ ತಿರುಗಿ ನೋಡುತ್ತಿದ್ದಷ್ಟು ಹೊತ್ತು ಎಳೆದರು. ದೊರೆ ಗಾಳದ ಕಡೆ ಮುಖ ಮಾಡಿದೊಡನೆ, ಇಲ್ಲದ ಮೀನಿಗೆ ಯಾಕೆ ಈ ಸರ್ಕಸ್ಸು ಎಂದುಕೊಂಡು ಆರಾಮಾಗಿ ಕಾಲೆತ್ತಿ ಎತ್ತಿ ಇಡತೊಡಗಿದರು. ಸ್ವಾಮಿರಾಯರ ಭಕ್ತಿಯೆಲ್ಲ ಇಂಥದ್ದೇ, ಎದುರಿಗೆ ಮಾತ್ರ.

ತೊರಕೆ ಇರಲಿಲ್ಲ, ನಿಜ. ಆದರೆ ಹೊಳೆಯ ಕೆಸರಿನಲ್ಲಿ ಮಲಗುವ ಮೀಸೆಯ ಕರಿ ಮೀನಿಗೂ ರೆಕ್ಕೆಯ ಬುಡದಲ್ಲಿ ವಿಷದ ಮುಳ್ಳಿರುತ್ತದೆ. ಅದರ ಬೆನ್ನ ಮೇಲೆಯೇ ರಾಯರು ತಮ್ಮ ಭಾರವನ್ನೆಲ್ಲ ಹೊತ್ತ ಪಾದವನ್ನು ಇಟ್ಟರು. ಮುಂದಿನ ಕ್ಷಣ ಬುಟ್ಟಿ ಒಂದು ಕಡೆ, ಮೀನು ಒಂದು ಕಡೆ, ರಾಯರು ಒಂದು ಕಡೆ. "ಸತ್ತೆನೋ ಶ್ರೀಹರೀ!" ಎಂಬ ಕೂಗಿಗೆ ಆಚೆ ದಡದ ಕೊಕ್ಕರೆಗಳೂ ಎದ್ದವು.

ದೊರೆಗೆ ಗಾಬರಿಗಿಂತ ಸಂತೋಷವೇ ಹೆಚ್ಚಾಯಿತು. ತಮ್ಮ ಶಾಸ್ತ್ರ ಸುಳ್ಳಲ್ಲ ಎಂದು ಒಬ್ಬ ಸಾಕ್ಷಿ ಸಿಕ್ಕನಲ್ಲ! ರಾಯರನ್ನು ದಡಕ್ಕೆಳೆದು, ಮುಳ್ಳಿನ ಚೂರನ್ನು ಕಿತ್ತು, "ಬಿಸಿನೀರಿನಲ್ಲಿ ಕಾಲಿಡಿರಿ!" ಎಂದರು.

ರಾಯರು ಡಬರಿಯೊಳಗೆ ಇಣುಕಿದರು. ನೀರಿನ ಮೇಲೆ ಎಣ್ಣೆಯ ಹನಿ ತೇಲುತ್ತಿತ್ತು.

"ಇದರಾಗ ಮೊದಲ ಏನು ಮಾಡಿದ್ದೆಪಾ?"

"ನಿನ್ನೆ ಕುರಿ ಮಾಂಸ ಬೇಸಿದ್ದೆ ಸಾಮಿ. ತೊಳದೇನ್ರಿ," ಎಂದ ಬಟ್ಲರ್.

ರಾಯರ ಮಡಿ ಇಷ್ಟು ಹೊತ್ತಿನ ಮೇಲೆ ಎಚ್ಚರಗೊಂಡಿತು. ಮೀನಿನ ಬುಟ್ಟಿ ಹೊತ್ತಾಗ ಗೊರಕೆ ಹೊಡೆಯುತ್ತಿದ್ದ ಮಡಿ, ಪ್ರಾಣ ಹೋಗುವಾಗ ಎದ್ದು ಕೂತಿತು! "ನನಗ ಬ್ಯಾಡ್ರಿ ಈ ನೀರು, ಊರಾಗ ನಮ್ಮವರ ಮನಿ ಅದ," ಎಂದು ಕುಂಟುತ್ತ ರಾರಾವಿಯ ದಾರಿ ಹಿಡಿದರು. ದೊರೆ ತಡೆಯಲಿಲ್ಲ, ನಕ್ಕು ಗಾಳ ಎತ್ತಿಕೊಂಡರು.

ಊರ ಬಾಗಿಲಲ್ಲೇ ತಳವಾರ ಅಂಜಿನಪ್ಪ ಎದುರಾದ. "ಏನಾತ್ರಿ ಸ್ವಾಮೇರ?"

ಮೀನು ಚುಚ್ಚಿತು ಎಂದರೆ, ಮೀನಿನ ಹತ್ತಿರ ನಿಮಗೇನು ಕೆಲಸ ಎಂಬ ಮಾತು ಬರುತ್ತದೆ. "ಚೇಳು ಕಡೀತೋ. ದಂಡಿ ಮ್ಯಾಲೆ ಜಪಾ ಮಾಡ್ಲಿಕತ್ತಿದ್ದೆ," ಎಂದರು ರಾಯರು.

ಅಷ್ಟಕ್ಕೇ ಊರು ಕೂಡಿತು. ಅಂಜಿನಪ್ಪ ಬೇವಿನ ಸೊಪ್ಪಿನಿಂದ ಕಾಲಿಗೆ ಬಡಿಯುತ್ತ ತೆಲುಗಿನಲ್ಲಿ ಮಂತ್ರ ಹಾಕಿದ. ಚನ್ನಬಸಮ್ಮ ಉಳ್ಳಾಗಡ್ಡಿ ಜಜ್ಜಿ ತಂದು ತಿಕ್ಕಿದಳು. ಎರ್ರಮ್ಮ ತಾನು ಅಗಿಯುತ್ತಿದ್ದ ತಂಬಾಕನ್ನೇ ಬಾಯಿಂದ ತೆಗೆದು ಗಾಯಕ್ಕೆ ಮೆತ್ತಿದಳು. ನೋವು ಮೀನಖಂಡ ದಾಟಿ ತೊಡೆಗೆ ಏರಿತು.

ಕೊನೆಗೆ ಸಿಕ್ಕಿತು ರಾಯರು ಹುಡುಕುತ್ತಿದ್ದ 'ನಮ್ಮವರ' ಮನೆ, ತಿರುಮಲಮ್ಮನದು. ಮಡಿಯುಟ್ಟ ವಯಸ್ಸಾದ ಹೆಂಗಸು, ಹೊಸ್ತಿಲಲ್ಲೇ ನಿಲ್ಲಿಸಿದಳು.

"ಅಮ್ಮಾ, ಒಂದಿಷ್ಟು ಬಿಸಿನೀರು ಕೊಡ್ರಿ, ಕಾಲಿಗೆ!"

"ಚೇಳಿಗೆ ಯಾರರೆ ಬಿಸಿನೀರು ಹಾಕ್ತಾರೇನಪಾ? ವಿಷಾ ತಲಿಗೇರ್ತದ," ಎಂದು ಆಕೆ ಹುಣಸೆ ಬೀಜ ತೇದು ಗಾಯಕ್ಕೆ ಅಂಟಿಸಿ, ಮೇಲೆ ಬಾವಿಯ ತಣ್ಣೀರನ್ನು ಧಾರಾಳವಾಗಿ ಸುರಿದಳು.

ತಣ್ಣೀರು ಬಿದ್ದದ್ದೇ ತಡ, ರಾಯರ ಕಣ್ಣಿಗೆ ಹಗಲಲ್ಲೇ ಚುಕ್ಕೆ ಕಂಡವು. "ಚೇಳಲ್ಲ ಅಮ್ಮಾ, ಚೇಳಲ್ಲ..." ಎಂದು ತೊದಲಿದರು.

"ಮತ್ತ ಏನದು?"

ಹೇಳಿದರೆ ಜಾತಿ ಹೋಗುತ್ತದೆ, ಹೇಳದಿದ್ದರೆ ಜೀವ ಹೋಗುತ್ತದೆ. ಸ್ವಾಮಿರಾಯರು ಹೇಳಲೂ ಇಲ್ಲ, ನಿಲ್ಲಲೂ ಇಲ್ಲ. ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತ ಹೊಳೆಯ ಕಡೆ ಓಟ ಕಿತ್ತರು. ಹಿಂದೆ ಅಂಜಿನಪ್ಪ, ಚನ್ನಬಸಮ್ಮ, ಎರ್ರಮ್ಮ, ಅವರ ಹಿಂದೆ ಇಡೀ ರಾರಾವಿ. ಎಲ್ಲರ ಕಣ್ಣೆದುರಿಗೇ, ಬಟ್ಲರ್ ಒಲೆಯಿಂದ ಇಳಿಸಿಟ್ಟಿದ್ದ ಆ ಕುರಿ ಬೆಂದಿದ್ದ ಡಬರಿಯಲ್ಲಿ ರಾಯರು ಮೊಣಕಾಲಿನ ತನಕ ಕಾಲಿಳಿಸಿ ಕೂತರು.

ನೋವು ಮೆಲ್ಲಗೆ ಇಳಿಯತೊಡಗಿತು. ಆ ಸುಖಕ್ಕೆ ರಾಯರು ಕಣ್ಣು ಮುಚ್ಚಿದರು, ಕಣ್ಣಂಚಿನಿಂದ ನೀರು ಹರಿಯಿತು. ಸುತ್ತ ನಿಂತವರು ಡಬರಿಯನ್ನೂ, ಮಗುಚಿ ಬಿದ್ದಿದ್ದ ಮೀನಿನ ಬುಟ್ಟಿಯನ್ನೂ ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಈ ಸುದ್ದಿ ತಮಗಿಂತ ಮೊದಲು ಸಿರುಗುಪ್ಪ ಮುಟ್ಟುತ್ತದೆಂದು ರಾಯರಿಗೆ ಗೊತ್ತಿತ್ತು. ಆದರೇನು, ಹೆಡ್ ಗುಮಾಸ್ತನ ಮುಂದೆ ಯಾರು ಬಾಯಿ ಬಿಡುತ್ತಾರೆ? ಪ್ರಾಯಶ್ಚಿತ್ತ ಮಾಡಿಸಿಕೊಂಡರಾಯಿತು.

ದೊರೆ ನೀರಿನಿಂದ ಮೇಲೆ ಬಂದರು.

"ಮಹಾಸ್ವಾಮಿ, ತಮ್ಮ ಸಲುವಾಗಿ ಆಚಾರಾ ಬಿಟ್ಟೆ. ಆ ಹೆಡ್ ಗುಮಾಸ್ತನ ಜಾಗಾ..."

"ಅದನ್ನು ಬೆಳಿಗ್ಗೆಯೇ ತೀರ್ಮಾನಿಸಿದೆನು," ಎಂದರು ದೊರೆ. "ಕೊಟ್ಟೂರಪ್ಪನು ನನ್ನ ಮುಖದೆದುರಿಗೆ ಆಗದು ಎಂದನು. ಖಜಾನೆಯ ಬೀಗದ ಕೈ ಅಂಥವನಲ್ಲಿಯೇ ಇರತಕ್ಕದ್ದು. ನೀವು ಒಂದು ಬುಟ್ಟಿ ಮೀನಿಗಾಗಿ ನಿಮ್ಮ ಕುಲಾಚಾರವನ್ನು ಬಿಟ್ಟಿರಿ. ನಾಳೆ ನನಗಿಂತ ದೊಡ್ಡ ದೊರೆ ಬಂದರೆ ನನ್ನನ್ನೂ ಬಿಡುವಿರಿ."

ಇಷ್ಟು ದಿನದ ನೌಕರಿಯಲ್ಲಿ ಸ್ವಾಮಿರಾಯರ ಬಗ್ಗೆ ಯಾರೂ ಇಷ್ಟು ಸರಿಯಾಗಿ ಮಾತಾಡಿರಲಿಲ್ಲ.

ಸಂಜೆ ಸಿರುಗುಪ್ಪದಲ್ಲಿ ಬಂಡಿ ಇಳಿದು ರಾಯರು ಹಲ್ಲು ಕಚ್ಚುತ್ತ ನೇರ ಕೊಟ್ಟೂರಪ್ಪನ ಮನೆಗೇ ಹೋದರು. ನೇಮಕದ ಹುಕುಂ ಆಗಲೇ ಕೈಸೇರಿದ್ದ ಅವನು ಕಟ್ಟೆಯ ಮೇಲೆ ಹಾಯಾಗಿ ಎಲೆಯಡಿಕೆ ಹಾಕುತ್ತಿದ್ದ.

"ದೊಡ್ಡ ಆಚಾರವಂತ ಆಗೀರಿ ಏನು?"

ಕೊಟ್ಟೂರಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ಎಲ್ಲೀ ಆಚಾರ್ರೀ ರಾಯರ! ಸಣ್ಣಾಂವಿದ್ದಾಗ ಕುರುಗೋಡಾಗ ಬಾವ್ಯಾಗ ಬಿದ್ದಿದ್ದೆ. ಅವತ್ನಿಂದ ಮೊಣಕಾಲುದ್ದ ನೀರ ಕಂಡ್ರೂ ಕೈಕಾಲ ನಡಗ್ತಾವ. ದೊರಿ ಮುಂದ ಅಂಜಿಕಿ ಅಂತ ಹೇಳಾಕ ಆಗ್ತೈತೇನು? ಅದಕ್ಕ ಲಿಂಗದ ಹೆಸರ ಹೇಳಿದೆ."

ರಾಯರು ಬಾತ ಕಾಲನ್ನು ಕಟ್ಟೆಯ ತುದಿಗಿಟ್ಟುಕೊಂಡು ಕೂತರು. ಕೊಟ್ಟೂರಪ್ಪ ಇನ್ನೊಂದು ಎಲೆ ಕೈಗೆತ್ತಿಕೊಂಡ.

"ಅಂದಂಗ, ಮುಂದಿನ ಆಯ್ತಾರ ದೊರಿ ಮತ್ತ ಹೊಳಿಗೆ ಹೊಂಟಾರ. ಜೋಡಿ ಯಾರನ್ನ ಕಳಸೂದು ಅನ್ನೋದು ಈಗ ನನ್ನ ಕೆಲಸ ಐತಿ. ನೀವ ಹೋಗ್ರಿ."

"ನಾನ ಯಾಕ?"

"ನಿಮ್ಮ ಆಚಾರ ಹೆಂಗೂ ಕೆಟ್ಟು ಹೋಗೈತಲ್ರೀ," ಎಂದು ಹೆಡ್ ಗುಮಾಸ್ತ ಕೊಟ್ಟೂರಪ್ಪ ಸುಣ್ಣ ಹಚ್ಚುತ್ತ ಹೇಳಿದ. "ಇನ್ನೊಬ್ಬರದ್ಯಾಕ ಕೆಡಸೂದು?"